ಲಿನಕ್ಸ್ ಲ್ಯಾಪ್‌ಟಾಪಿಗೆ ವೈಫೈ ಹತ್ತದಿದ್ದಾಗ: ಕಾರ್ಡಿನ ನಂಬರಿನಿಂದ ಡ್ರೈವರಿನ ತನಕ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಅಕ್ಕನ ಮಗ ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಮಾಮಾ, ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕೇನಿ. ಎಲ್ಲಾ ಛಲೋ ನಡದೈತಿ, ವೈಫೈ ಒಂದ ಹತ್ತವಲ್ದು. ಹೆಸರ ಸುದ್ದಾ ತೋರಸವಲ್ದು."

ಡೆಬಿಯನ್ ಅಂದರೆ ಉಬುಂಟು, ಮಿಂಟ್ ಇದ್ದ ಹಾಗೆ ಲಿನಕ್ಸಿನ ಒಂದು ಬಗೆ. ವೈಫೈ ಕಾರ್ಡು ಯಾವುದು ಅಂತ ಕೇಳಿದೆ. ಅವನು ಲ್ಯಾಪ್‌ಟಾಪಿನ ಕಂಪನಿ, ಮಾಡೆಲ್ ಹೇಳಿದ. ಅಷ್ಟರಿಂದ ಏನೂ ಗೊತ್ತಾಗುವುದಿಲ್ಲ. ಒಂದೇ ಮಾಡೆಲಿನ ಹೆಸರಿನಲ್ಲಿ ಒಂದು ಪೆಟ್ಟಿಗೆಯೊಳಗೆ ಇಂಟೆಲ್ ಕಾರ್ಡಿರುತ್ತದೆ, ಇನ್ನೊಂದರಲ್ಲಿ ರಿಯಲ್‌ಟೆಕ್ ಇರುತ್ತದೆ. ಅವನು ಆಗಲೇ ಎರಡು ತಾಸು ಹುಡುಕಿ, ಸಿಕ್ಕಸಿಕ್ಕ ಕಮಾಂಡುಗಳನ್ನೆಲ್ಲ ಹೊಡೆದು, ಮೂರು ಬೇರೆ ಬೇರೆ ಡ್ರೈವರ್ ಹಾಕಿ ಕುಳಿತಿದ್ದ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿದರೆ ತಾಸಿನೊಳಗೆ ಮುಟ್ಟುವ ದಾರಿ, ಆದರೆ ಅಷ್ಟು ಹೊತ್ತಿನಲ್ಲಿ ಹೋಗುವುದು ಹೇಗೆ? ಫೋನಿನಲ್ಲೇ ಹೇಳುತ್ತ ಹೋದೆ, ಅವನು ಹೊಡೆಯುತ್ತ ಹೋದ. ಆ ರಾತ್ರಿ ಹೇಳಿದ್ದನ್ನು, ಸಮಯವಿಲ್ಲದೆ ಬಿಟ್ಟದ್ದನ್ನೂ ಸೇರಿಸಿ, ಇಲ್ಲಿ ಬಿಡಿಸಿ ಬರೆದಿದ್ದೇನೆ.

ಕಮಾಂಡುಗಳನ್ನು ಫೋನಿನಲ್ಲಿ ಓದಿ ಹೇಳಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನೀವು ಇಂಗ್ಲಿಷ್ ಚಿಕ್ಕಕ್ಷರದಲ್ಲಿ ಹೊಡೆಯಬೇಕು. 'ಎಲ್‌ಎಸ್‌ಪಿಸಿಐ' ಅಂದರೆ ಎಲ್, ಎಸ್, ಪಿ, ಸಿ, ಐ ಅಂತ ಒಂದೊಂದೇ ಅಕ್ಷರ. 'ಇನ್‌ಸ್ಟಾಲ್' ಅಂದರೆ ಇಂಗ್ಲಿಷಿನ ಆ ಪೂರ್ತಿ ಪದ. 'ಸುಡೊ' ಎಂಬುದು ಎಸ್, ಯು, ಡಿ, ಒ. 'ಆಪ್ಟ್' ಎಂಬುದು ಎ, ಪಿ, ಟಿ. ನಡುವಿನ ಖಾಲಿ ಜಾಗ, ಅಡ್ಡಗೆರೆ, ಕೋಲನ್ ಇದ್ದಲ್ಲೇ ಇರಲಿ.

ಕೆಟ್ಟಿರುವುದು ಯಾವುದು?

ವೈಫೈ ನಡೆಯಬೇಕಾದರೆ ಮೂರು ಬೇರೆ ಬೇರೆ ಸಂಗತಿ ಸರಿಯಿರಬೇಕು. ಮೊದಲನೆಯದು ಡ್ರೈವರ್, ಇದು ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಕಾರ್ಡನ್ನು ನಡೆಸುವ ತುಂಡು, ಮಾಡ್ಯೂಲ್ ಅನ್ನುತ್ತಾರೆ. ಎರಡನೆಯದು ಫರ್ಮ್‌ವೇರ್; ಇದು ಕಾರ್ಡಿನ ಸ್ವಂತ ಚಿಪ್ಪಿನೊಳಗೆ ನಡೆಯುವ ಪ್ರೋಗ್ರಾಂ. ಮೂರನೆಯದು ನೆಟ್‌ವರ್ಕ್‌ಮ್ಯಾನೇಜರ್, ಹೆಸರು ತೋರಿಸಿ, ಪಾಸ್‌ವರ್ಡ್ ಕೇಳಿ, ಜೋಡಿಸುವುದು ಇದರ ಕೆಲಸ.

ಜನ ಎಡವುವುದು ಎರಡನೆಯದರಲ್ಲಿ. ಕರೆಂಟು ಬಂದ ಕ್ಷಣದಲ್ಲಿ ಬಹಳಷ್ಟು ಕಾರ್ಡುಗಳ ನೆನಪು ಖಾಲಿಯಾಗಿರುತ್ತದೆ. ಡ್ರೈವರ್ ಎದ್ದು, ಡಿಸ್ಕಿನ /ಲಿಬ್/ಫರ್ಮ್‌ವೇರ್ ಫೋಲ್ಡರಿನಿಂದ ಒಂದು ಫೈಲ್ ತೆಗೆದು ಕಾರ್ಡಿನೊಳಗೆ ತುಂಬಬೇಕು. ಹೊಳೆಯ ದಂಡೆಯ ಪಂಪಿಗೆ ಮೊದಲು ಒಂದು ಕೊಡ ನೀರು ಹಾಕದಿದ್ದರೆ ಮೋಟಾರು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಮೇಲೇರುವುದಿಲ್ಲ. ಇದೂ ಹಾಗೆಯೇ. ಡ್ರೈವರ್ ಸರಿಯಾಗಿಯೇ ಇರುತ್ತದೆ, ಫರ್ಮ್‌ವೇರ್ ಇಲ್ಲದೆ ಕಾರ್ಡು ಸುಮ್ಮನೆ ಕುಳಿತಿರುತ್ತದೆ. ಇಂಥ ಹೊತ್ತಿನಲ್ಲಿ ಹೊಸ ಹೊಸ ಡ್ರೈವರ್ ಹಾಕುತ್ತ ಹೋದರೆ ಇದ್ದ ಗಂಟಿನ ಮೇಲೆ ಇನ್ನೊಂದು ಗಂಟು ಬೀಳುತ್ತದೆ.

ಬಹಳಷ್ಟು ಫರ್ಮ್‌ವೇರ್‌ಗಳ ಮೂಲ ಕೋಡನ್ನು ಕಂಪನಿಗಳು ಬಿಟ್ಟುಕೊಡುವುದಿಲ್ಲ. ಅದಕ್ಕಾಗಿ ಡೆಬಿಯನ್ ಬಹಳ ವರ್ಷ ಅವನ್ನು ತನ್ನ ಇನ್‌ಸ್ಟಾಲರಿನಿಂದ ಹೊರಗೇ ಇಟ್ಟಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರಿನಲ್ಲೇ ಫರ್ಮ್‌ವೇರ್ ಇದೆ, 'ನಾನ್-ಫ್ರೀ-ಫರ್ಮ್‌ವೇರ್' ಎಂಬ ಬೇರೆ ವಿಭಾಗವೂ ಇದೆ. ಯಾರೋ ಕೊಟ್ಟ ಹಳೆಯ ಪೆನ್‌ಡ್ರೈವಿನಿಂದ ಡೆಬಿಯನ್ 11 ಹಾಕುತ್ತಿದ್ದರೆ ಮೊದಲು ಅದನ್ನು ಬಿಟ್ಟು ಹೊಸದನ್ನು ಇಳಿಸಿಕೊಳ್ಳಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ನೆಟ್ ಇಲ್ಲದೆ ನೆಟ್ ಹಾಕುವುದು

ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಇದಕ್ಕೆ ಉಪಾಯ ನಿಮ್ಮ ಕಿಸೆಯಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜರಿನ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನ ಹಾಟ್‌ಸ್ಪಾಟ್ ಪುಟದಲ್ಲಿ 'ಯುಎಸ್‌ಬಿ ಟೆದರಿಂಗ್' ಚಾಲೂ ಮಾಡಿ. ಲ್ಯಾಪ್‌ಟಾಪಿಗೆ ಅದು ತಂತಿಯ ನೆಟ್ ಬಂದ ಹಾಗೆ ಕಾಣುತ್ತದೆ, ಬೇರೆ ಡ್ರೈವರ್ ಏನೂ ಬೇಡ. ಫೋನು ರೂಮಿನ ವೈಫೈಗೆ ಜೋಡಿಸಿದ್ದರೆ ಆ ವೈಫೈಯೇ ಕೇಬಲ್ ಮೂಲಕ ಬರುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಬರೀ ಚಾರ್ಜಿಂಗಿಗೆ ಮಾಡಿದ ಅಗ್ಗದ ಕೇಬಲ್ ಆದರೆ ಟೆದರಿಂಗ್ ಬಟನ್ ಮಂಕಾಗಿಯೇ ಉಳಿಯುತ್ತದೆ. ಆಗ ಕೇಬಲ್ ಬದಲಿಸಿ ನೋಡಿ.

ಕಾರ್ಡನ್ನೇ ಕೇಳಿ

ಟರ್ಮಿನಲ್ ತೆಗೆದು ಹೊಡೆಯಿರಿ:

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂದಿರುವ ಸಾಲು ಹುಡುಕಿ. 'ಈಥರ್ನೆಟ್ ಕಂಟ್ರೋಲರ್' ಬೇರೆ, ಅದು ತಂತಿಯದು. ಅಕ್ಕನ ಮಗ ಓದಿ ಹೇಳಿದ್ದು ಹೀಗಿತ್ತು:

02:00.0 ನೆಟ್‌ವರ್ಕ್ ಕಂಟ್ರೋಲರ್ [0280]: ಬ್ರಾಡ್‌ಕಾಮ್ ಬಿಸಿಎಂ43142 [14ಇ4:4365]

ಕೊನೆಯ ಚೌಕ ಕಂಸದೊಳಗಿನ ಎರಡು ತುಂಡೇ ಕಾರ್ಡಿನ ಗುರುತು. ಮೊದಲ ತುಂಡು ಕಂಪನಿ: 14ಇ4 ಅಂದರೆ ಬ್ರಾಡ್‌ಕಾಮ್, 8086 ಇಂಟೆಲ್, 10ಇಸಿ ರಿಯಲ್‌ಟೆಕ್, 168ಸಿ ಅಥೆರಾಸ್. ಎರಡನೆಯ ತುಂಡು ಚಿಪ್ಪು. ಹುಡುಕುವುದಿದ್ದರೆ ಈ ಪೂರ್ತಿ ನಂಬರು ಹಾಕಿ ಹುಡುಕಬೇಕು, ಲ್ಯಾಪ್‌ಟಾಪಿನ ಹೆಸರು ಹಾಕಿ ಅಲ್ಲ. ಯುಎಸ್‌ಬಿಗೆ ಚುಚ್ಚುವ ಡಾಂಗಲ್ ಆದರೆ ಎಲ್‌ಎಸ್‌ಯುಎಸ್‌ಬಿ ಅಂತ ಹೊಡೆಯಿರಿ, ಅಲ್ಲಿಯೂ ಇಂಥದೇ ನಂಬರು ಬರುತ್ತದೆ.

ಆ ಸಾಲಿನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಡ್ರೈವರ್ ಕೂತಿಲ್ಲ. ಇದ್ದೂ ವೈಫೈ ಇಲ್ಲದಿದ್ದರೆ ತಪ್ಪು ಡ್ರೈವರ್ ಹಿಡಿದಿದೆ, ಇಲ್ಲವೇ ಫರ್ಮ್‌ವೇರ್ ಸಿಕ್ಕಿಲ್ಲ, ಇಲ್ಲವೇ ರೇಡಿಯೋನೇ ಬಂದ್ ಆಗಿದೆ. ಕೊನೆಯದನ್ನು ಮೊದಲು ನೋಡಿಬಿಡಿ, ಅರ್ಧ ನಿಮಿಷದ ಕೆಲಸ:

ಸುಡೊ ಆರ್‌ಎಫ್‌ಕಿಲ್ ಲಿಸ್ಟ್

'ಸಾಫ್ಟ್ ಬ್ಲಾಕ್ಡ್: ಯಸ್' ಎಂದಿದ್ದರೆ ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ ಎಂದರೆ ಸಾಕು. 'ಹಾರ್ಡ್ ಬ್ಲಾಕ್ಡ್: ಯಸ್' ಎಂದಿದ್ದರೆ ಯಾವ ಕಮಾಂಡೂ ನಡೆಯುವುದಿಲ್ಲ. ಕೀಬೋರ್ಡಿನ ವಿಮಾನದ ಚಿತ್ರದ ಕೀ, ಹಳೆಯ ಲ್ಯಾಪ್‌ಟಾಪಾದರೆ ಮಗ್ಗುಲಿನ ಸಣ್ಣ ಸ್ವಿಚ್ಚು, ಎರಡನ್ನೂ ನೋಡಿ.

ಆಮೇಲೆ ಕರ್ನಲ್ ಏನು ಬರೆದಿಟ್ಟಿದೆ ಅಂತ ಓದಿ:

ಸುಡೊ ಡಿಎಂಇಎಸ್‌ಜಿ | ಗ್ರೆಪ್ -ಐ ಫರ್ಮ್‌ವೇರ್

ಇಲ್ಲಿ ಒಂದು ಫೈಲಿನ ಹೆಸರು, ಕೊನೆಗೆ 'ಎರರ್ -2' ಅಂತ ಬಂದರೆ ಚಿಂತೆ ಮಾಡಬೇಡಿ. -2 ಅಂದರೆ 'ಆ ಹೆಸರಿನ ಫೈಲ್ ಇಲ್ಲ' ಎಂದಷ್ಟೇ. ಕಾರ್ಡಿಗೆ ಬೇಕಾದ ಫೈಲಿನ ಹೆಸರು ಅಲ್ಲೇ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ.

ಇಂಟೆಲ್, ಅಥೆರಾಸ್, ರಿಯಲ್‌ಟೆಕ್

ಈ ಮೂರಕ್ಕೂ ಡ್ರೈವರ್ ಸಾಮಾನ್ಯವಾಗಿ ಕರ್ನಲ್‌ನಲ್ಲೇ ಇದೆ, ಬೇಕಾಗಿರುವುದು ಫರ್ಮ್‌ವೇರ್. ಡೆಬಿಯನ್‌ನಲ್ಲಿ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್ ಫೈಲ್ ತೆಗೆದು, 'ಮೇನ್' ಎಂದಿರುವ ಸಾಲುಗಳ ಕೊನೆಗೆ ಒಂದು ಜಾಗ ಬಿಟ್ಟು 'ನಾನ್-ಫ್ರೀ-ಫರ್ಮ್‌ವೇರ್' ಸೇರಿಸಿ. ನಂತರ ಸುಡೊ ಆಪ್ಟ್ ಅಪ್‌ಡೇಟ್. ಇಂಟೆಲ್‌ಗೆ:

ಸುಡೊ ಆಪ್ಟ್ ಇನ್‌ಸ್ಟಾಲ್ ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ

ರಿಯಲ್‌ಟೆಕ್‌ಗೆ ಕೊನೆಯ ಪದ ಫರ್ಮ್‌ವೇರ್-ರಿಯಲ್‌ಟೆಕ್, ಅಥೆರಾಸ್‌ಗೆ ಫರ್ಮ್‌ವೇರ್-ಅಥೆರಾಸ್. ಒಂದು ಸಲ ರಿಸ್ಟಾರ್ಟ್ ಮಾಡಿ. ಉಬುಂಟು, ಮಿಂಟ್ ಹಾಕಿದವರಿಗೆ ಇವೆಲ್ಲ 'ಲಿನಕ್ಸ್-ಫರ್ಮ್‌ವೇರ್' ಎಂಬ ಒಂದೇ ಪ್ಯಾಕೇಜಿನಲ್ಲಿ ಮೊದಲೇ ಬಂದಿರುತ್ತವೆ.

ರಿಯಲ್‌ಟೆಕ್‌ನ ಒಂದು ಕಾರ್ಡಿನ ಬಗ್ಗೆ ಮಾತ್ರ ತುಸು ನಿಂತು ಹೇಳಬೇಕು. ಗದಗ-ಬೆಟಗೇರಿಯ ಗೆಳೆಯರೊಬ್ಬರ ಲ್ಯಾಪ್‌ಟಾಪಿನಲ್ಲಿ ಆರ್‌ಟಿಎಲ್8723ಬಿಇ ಇತ್ತು, ನಂಬರು 10ಇಸಿ:ಬಿ723. ಡ್ರೈವರ್ ಇದೆ, ಫರ್ಮ್‌ವೇರ್ ಇದೆ, ರೌಟರಿನ ಪಕ್ಕದಲ್ಲಿ ಕೂತರೆ ನಡೆಯುತ್ತದೆ. ಪಡಸಾಲೆ ದಾಟಿದರೆ ಹೋಯಿತು. ಹಳೆಯ ಮಾಳಿಗೆ ಮನೆ, ಎರಡು ಫೂಟಿನ ಮಣ್ಣಿನ ಗೋಡೆ. ಗೋಡೆಯದೇ ತಪ್ಪು ಅಂದುಕೊಂಡು ರೌಟರಿನ ಜಾಗ ಎರಡು ಸಲ ಬದಲಿಸಿದ್ದರು. ಸಿಗ್ನಲ್ ಅಳೆದು ನೋಡಿದೆವು (ಡಬ್ಲ್ಯುಎಲ್‌ಪಿ2ಎಸ್0 ಅಂದರೆ ಆ ಲ್ಯಾಪ್‌ಟಾಪಿನ ವೈಫೈ ಕಾರ್ಡಿಗೆ ಲಿನಕ್ಸ್ ಇಟ್ಟ ಹೆಸರು, ನಿಮ್ಮದರಲ್ಲಿ ಬೇರೆ ಇರಬಹುದು):

ಸುಡೊ ಐಡಬ್ಲ್ಯು ಡಿಇವಿ ಡಬ್ಲ್ಯುಎಲ್‌ಪಿ2ಎಸ್0 ಲಿಂಕ್

ರೌಟರಿನಿಂದ ಒಂದು ಮಾರು ದೂರದಲ್ಲೇ -70ರ ಆಸುಪಾಸು ತೋರಿಸಿತು. ಈ ಲೆಕ್ಕ ಡೆಸಿಬೆಲ್‌ನದು. ಮೈನಸ್ ಮುಂದಿನ ಅಂಕಿ 10 ಹೆಚ್ಚಾದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಗುತ್ತದೆ. -50 ಅಂದರೆ ಛಲೋ, -80 ಅಂದರೆ ಈಗಲೋ ಆಗಲೋ ಕಡಿಯುವ ಸ್ಥಿತಿ. ಎದುರಿಗೇ ಇಟ್ಟರೂ -70 ಅಂದರೆ ಗೋಡೆಯ ತಪ್ಪಲ್ಲ, ಆಂಟೆನಾ ತಪ್ಪು. ಈ ಕಾರ್ಡಿಗೆ ಎರಡು ಆಂಟೆನಾ ಕೊಂಡಿಗಳಿವೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಒಂದಕ್ಕೆ ಮಾತ್ರ ತಂತಿ ಹಾಕಿರುತ್ತಾರೆ, ಡ್ರೈವರ್ ತಂತಿ ಇಲ್ಲದ ಕೊಂಡಿಯಲ್ಲಿ ಕೇಳುತ್ತ ಕುಳಿತಿರುತ್ತದೆ. ಪರೀಕ್ಷೆ ಹೀಗೆ:

ಸುಡೊ ಮಾಡ್‌ಪ್ರೋಬ್ -ಆರ್ ಆರ್‌ಟಿಎಲ್8723ಬಿಇ
ಸುಡೊ ಮಾಡ್‌ಪ್ರೋಬ್ ಆರ್‌ಟಿಎಲ್8723ಬಿಇ ಎಎನ್‌ಟಿ_ಎಸ್‌ಇಎಲ್=2

ಮೊದಲ ಸಾಲು ಡ್ರೈವರನ್ನು ಇಳಿಸುತ್ತದೆ, ಎರಡನೆಯದು ಬೇರೆ ಆಂಟೆನಾ ಹಿಡಿಯಲು ಹೇಳಿ ಏರಿಸುತ್ತದೆ. 2ರಿಂದ ಆಗದಿದ್ದರೆ 1 ಹಾಕಿ. ಗೆಳೆಯರ ಮನೆಯಲ್ಲಿ 2 ಹಾಕಿದ ಕೂಡಲೇ -70 ಇದ್ದದ್ದು -43ಕ್ಕೆ ಬಂತು. ಅಡುಗೆಮನೆಯ ತನಕ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ನೋಡಿದರು, ಕಡಿಯಲಿಲ್ಲ. ಇದು ಕಾಯಂ ಉಳಿಯಬೇಕಾದರೆ /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಆರ್‌ಟಿಎಲ್8723ಬಿಇ.ಕಾನ್ಫ್ ಎಂಬ ಫೈಲ್ ಮಾಡಿ ಈ ಒಂದು ಸಾಲು ಬರೆಯಿರಿ:

ಆಪ್ಷನ್ಸ್ ಆರ್‌ಟಿಎಲ್8723ಬಿಇ ಎಎನ್‌ಟಿ_ಎಸ್‌ಇಎಲ್=2

ಫೈಲಿನ ಹೆಸರು 'ಕಾನ್ಫ್' ಎಂದು, ಅಂದರೆ ಸಿ, ಒ, ಎನ್, ಎಫ್ ಎಂದು ಮುಗಿಯದಿದ್ದರೆ ಅದನ್ನು ಓದುವುದೇ ಇಲ್ಲ.

ಬ್ರಾಡ್‌ಕಾಮ್: ಇದಕ್ಕೆ ಸಮಾಧಾನ ಬೇಕು

ಸಪ್ತಾಪುರದ ಲ್ಯಾಪ್‌ಟಾಪಿಗೆ ಮರಳೋಣ. ಬಿಸಿಎಂ43142 ಚಿಪ್ಪಿಗೆ ಕರ್ನಲ್‌ನಲ್ಲಿ ಡ್ರೈವರ್ ಇಲ್ಲ. ಕಂಪನಿಯೇ ಕೊಟ್ಟ 'ಡಬ್ಲ್ಯುಎಲ್' ಎಂಬ ಡ್ರೈವರ್ ಬೇಕು. ಅದರಲ್ಲಿ ಒಂದು ಪಾಲು ಮುಚ್ಚಿದ ಕೋಡು, ಇನ್ನೊಂದು ಪಾಲನ್ನು ನಿಮ್ಮ ಕರ್ನಲ್‌ಗೆ ತಕ್ಕಂತೆ ನಿಮ್ಮ ಮಷಿನ್ನಿನಲ್ಲೇ ಕಟ್ಟಿಕೊಳ್ಳಬೇಕು. ಆ ಕಟ್ಟುವ ಕೆಲಸ ಡಿಕೆಎಂಎಸ್ ಎಂಬ ಪ್ರೋಗ್ರಾಮಿನದು.

ಸೋರ್ಸಸ್.ಲಿಸ್ಟ್‌ನಲ್ಲಿ ಈ ಸಲ 'ಕಾಂಟ್ರಿಬ್', 'ನಾನ್-ಫ್ರೀ' ಎರಡನ್ನೂ ಸೇರಿಸಬೇಕು. ಇದು ಫರ್ಮ್‌ವೇರ್ ಅಲ್ಲ, ಡ್ರೈವರ್. ಇರುವ ವಿಭಾಗ ಬೇರೆ. ಅಪ್‌ಡೇಟ್ ಮಾಡಿ:

ಸುಡೊ ಆಪ್ಟ್ ಅಪ್‌ಗ್ರೇಡ್

ಅಪ್‌ಗ್ರೇಡ್ ಮುಗಿದ ಮೇಲೆ ಒಂದು ಸಲ ರಿಸ್ಟಾರ್ಟ್ ಮಾಡಿ. ಇದನ್ನು ಬಿಟ್ಟುಬಿಟ್ಟರೆ ಹೊಸ ಕರ್ನಲ್ ಡಿಸ್ಕಿನಲ್ಲಿ, ಹಳೆಯದು ನಡೆಯುತ್ತಲೇ ಇರುತ್ತದೆ. ಡ್ರೈವರ್ ಹೊಸದಕ್ಕೆ ಕಟ್ಟಿಕೊಂಡು, ನಡೆಯುತ್ತಿರುವ ಹಳೆಯದರಲ್ಲಿ 'ಮಾಡ್ಯೂಲ್ ನಾಟ್ ಫೌಂಡ್' ಅನ್ನುತ್ತದೆ. ಅಕ್ಕನ ಮಗನ ಮೊದಲ ಎರಡು ತಾಸು ಹೋದದ್ದು ಇಲ್ಲಿಯೇ. ನಂತರ:

ಸುಡೊ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-ಎಎಂಡಿ64 ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್

ಕೆಲವು ನಿಮಿಷ ಹಿಡಿಯುತ್ತದೆ. ಪ್ರೊಸೆಸರ್ ಇಂಟೆಲ್ ಆಗಿದ್ದರೂ ಹೆಸರು ಎಎಂಡಿ64 ಎಂದೇ. ಇಂಟೆಲ್, ಎಎಂಡಿ ಎರಡರ 64 ಬಿಟ್ ಮಷಿನ್ನಿಗೂ ಅದೇ ಹೆಸರು. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್. ಮಿಂಟ್‌ನಲ್ಲಿ 'ಡ್ರೈವರ್ ಮ್ಯಾನೇಜರ್' ತೆಗೆದರೆ ಅದೇ ತೋರಿಸುತ್ತದೆ, ಒತ್ತಿದರೆ ಸಾಕು.

ಬ್ರಾಡ್‌ಕಾಮ್‌ಗೆ ಬೇರೆ ಡ್ರೈವರುಗಳೂ ಕರ್ನಲ್‌ನಲ್ಲಿವೆ. ಅವು ಈ ಕಾರ್ಡನ್ನು ನಡೆಸಲಾರವು, ಆದರೆ ಹಿಡಿದುಕೊಂಡು ಬಿಡುವುದಿಲ್ಲ. ಅವನ್ನು ಇಳಿಸಿ, ನಮ್ಮದನ್ನು ಏರಿಸಬೇಕು:

ಸುಡೊ ಮಾಡ್‌ಪ್ರೋಬ್ -ಆರ್ ಬಿ44 ಬಿ43 ಬಿ43ಲೆಗಸಿ ಎಸ್‌ಎಸ್‌ಬಿ ಬಿಆರ್‌ಸಿಎಂಎಸ್‌ಎಂಎಸಿ ಬಿಸಿಎಂಎ
ಸುಡೊ ಮಾಡ್‌ಪ್ರೋಬ್ ಡಬ್ಲ್ಯುಎಲ್

ಎರಡನೆಯದು ಏನೂ ಹೇಳದೆ ಮುಗಿದರೆ ಗೆದ್ದ ಹಾಗೆ. ನಮಗೆ ಆ ರಾತ್ರಿ ಹಾಗೆ ಮುಗಿಯಲಿಲ್ಲ. 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂದು ಬಂತು. ಇದು ಸೆಕ್ಯೂರ್ ಬೂಟ್‌ನ ಕೆಲಸ: ಮಷಿನ್ನಿಗೆ ಪರಿಚಯವಿರುವ ಕೀಯ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್‌ನೊಳಗೆ ಬಿಡುವುದಿಲ್ಲ. ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಬಂದ್ ಮಾಡಿ ಅಂತ ಬಹಳ ಜನ ಹೇಳುತ್ತಾರೆ. ಅದೂ ನಡೆಯುತ್ತದೆ, ಆದರೆ ನಾನು ಹಾಗೆ ಹೇಳುವುದಿಲ್ಲ. ಆ ಪರಿಚಯ ಮಾಡಿಸುವುದಕ್ಕೆ ಐದು ನಿಮಿಷ ಸಾಕಾಗಿರುವಾಗ ಬಾಗಿಲ ಚಿಲಕ ಯಾಕೆ ತೆಗೆದಿಡಬೇಕು? ಡೆಬಿಯನ್ 12ರ ಡಿಕೆಎಂಎಸ್ ತಾನೇ ಒಂದು ಕೀ ಮಾಡಿಕೊಂಡು ಮಾಡ್ಯೂಲಿಗೆ ಸಹಿ ಹಾಕಿರುತ್ತದೆ. ಆ ಕೀಯನ್ನು ಮಷಿನ್ನಿಗೆ ಪರಿಚಯ ಮಾಡಿಸುವುದಷ್ಟೇ ಬಾಕಿ:

ಸುಡೊ ಎಂಒಕೆಯುಟಿಲ್ --ಇಂಪೋರ್ಟ್ /ವಿಎಆರ್/ಲಿಬ್/ಡಿಕೆಎಂಎಸ್/ಎಂಒಕೆ.ಪಿಯುಬಿ

ಒಂದು ಹೊಸ ಪಾಸ್‌ವರ್ಡ್ ಕೇಳುತ್ತದೆ. ಇದು ಒಂದೇ ಸಲದ ಬಳಕೆಗೆ, ಸುಲಭದ್ದು ಇಟ್ಟು ಕಾಗದದ ಮೇಲೆ ಬರೆದುಕೊಳ್ಳಿ. ರಿಸ್ಟಾರ್ಟ್ ಮಾಡಿದಾಗ ಡೆಬಿಯನ್ ಬರುವ ಮುಂಚೆ ನೀಲಿ ಪರದೆಯೊಂದು ಬರುತ್ತದೆ. "ಮಾಮಾ, ಏನೋ ನೀಲಿ ಬಂತು" ಅಂತ ಅವನು ಗಾಬರಿಯಾದ. ಅದು ಕೆಟ್ಟದ್ದಲ್ಲ, ನಾವೇ ಕರೆದದ್ದು. ಆದರೆ ಬೇಗ ಒಂದು ಕೀ ಒತ್ತಬೇಕು, ಹತ್ತು ಸೆಕೆಂಡು ಸುಮ್ಮನಿದ್ದರೆ ಅದು ಹೊರಟುಹೋಗುತ್ತದೆ, ಮತ್ತೆ ಇಂಪೋರ್ಟ್‌ನಿಂದ ಶುರು ಮಾಡಬೇಕಾಗುತ್ತದೆ. 'ಎನ್‌ರೋಲ್ ಎಂಒಕೆ', 'ಕಂಟಿನ್ಯೂ', 'ಯಸ್' ಆರಿಸಿ, ಬರೆದಿಟ್ಟ ಪಾಸ್‌ವರ್ಡ್ ಹಾಕಿ, 'ರೀಬೂಟ್' ಕೊಡಿ. ಎದ್ದು ಬಂದಾಗ ಮೇಲೆ ಮೂಲೆಯಲ್ಲಿ ವೈಫೈ ಗುರುತು ಕಂಡಿತು, ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಹೆಸರು ಸಾಲಾಗಿ ಬಂದವು. ಹಾಸ್ಟೆಲುಗಳ ಓಣಿ ಅಲ್ಲವೇ.

ಅವನದೇ ರೂಮಿನ ವೈಫೈನ '5ಜಿ' ಅಂತ ಮುಗಿಯುವ ಹೆಸರು ಮಾತ್ರ ಆ ಸಾಲಿನಲ್ಲಿ ಇರಲಿಲ್ಲ. ಇದು ಡ್ರೈವರಿನ ದೋಷವಲ್ಲ. ಇಲ್ಲಿ 5ಜಿ ಅಂದರೆ ಮೊಬೈಲಿನದಲ್ಲ, 5 ಗಿಗಾಹರ್ಟ್ಸ್ ವೈಫೈ. ಬಿಸಿಎಂ43142ಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ, ಗದಗಿನ 8723ಬಿಇಗೂ ಅಷ್ಟೇ. ಎರಡು ಹೆಸರಿನ ರೌಟರಾದರೆ 5ಜಿ ಇಲ್ಲದ್ದನ್ನು ಆರಿಸಿ. ಡಬ್ಲ್ಯುಎಲ್ ಡ್ರೈವರಿಗೆ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ಪದ್ಧತಿ ಬರುವುದಿಲ್ಲ ಎಂಬುದೂ ನೆನಪಿರಲಿ. ರೌಟರಿನಲ್ಲಿ ಬರೀ ಡಬ್ಲ್ಯುಪಿಎ3 ಇಟ್ಟಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಹತ್ತುವುದಿಲ್ಲ, ಡಬ್ಲ್ಯುಪಿಎ2 ಮಾಡಬೇಕು.

ಕಾರ್ಡು ಎದ್ದಿದೆ, ಆದರೂ ಹತ್ತುತ್ತಿಲ್ಲ

ಪಟ್ಟಿ ನೋಡಲು ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಲಿಸ್ಟ್. ಮೌಸ್ ಇಲ್ಲದೆ ಜೋಡಿಸಬೇಕಾದರೆ ಎನ್‌ಎಂಟಿಯುಐ ಎಂದು ಹೊಡೆದರೆ ಮೆನು ಬರುತ್ತದೆ. ಎನ್‌ಎಂಸಿಎಲ್‌ಐ ಡಿವೈಸ್ ಅಂದಾಗ ವೈಫೈ ಮುಂದೆ 'ಅನ್‌ಮ್ಯಾನೇಜ್ಡ್' ಎಂದು ಬಂದರೆ, ಡೆಬಿಯನ್ ಇನ್‌ಸ್ಟಾಲರ್ ನಿಮ್ಮ ವೈಫೈಯನ್ನು /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಫೈಲಿನಲ್ಲಿ ಬರೆದುಬಿಟ್ಟಿದೆ. ಅಲ್ಲಿರುವುದನ್ನು ನೆಟ್‌ವರ್ಕ್‌ಮ್ಯಾನೇಜರ್ ಮುಟ್ಟುವುದಿಲ್ಲ. ಆ ಫೈಲಿನ ವೈಫೈ ಸಾಲುಗಳ ಮುಂದೆ # ಹಾಕಿ ರಿಸ್ಟಾರ್ಟ್ ಮಾಡಿ.

ಓಣಿಯ ಉಳಿದೆಲ್ಲ ಹೆಸರು ಬಂದು ನಿಮ್ಮದೊಂದೇ ಬರದಿದ್ದರೆ, ರೌಟರು 12 ಅಥವಾ 13ನೇ ಚಾನಲ್‌ನಲ್ಲಿರಬಹುದು. ಭಾರತದಲ್ಲಿ ಅವೆರಡಕ್ಕೂ ಅನುಮತಿ ಇದೆ, ಅಮೆರಿಕದ ನಿಯಮ ಹಿಡಿದ ಕಾರ್ಡು ಮಾತ್ರ 11ರ ಆಚೆ ನೋಡುವುದಿಲ್ಲ. ಸುಡೊ ಐಡಬ್ಲ್ಯು ರೆಗ್ ಗೆಟ್ ಎಂದರೆ ಯಾವ ದೇಶದ ನಿಯಮ ಇದೆ ಗೊತ್ತಾಗುತ್ತದೆ. ಸುಡೊ ಐಡಬ್ಲ್ಯು ರೆಗ್ ಸೆಟ್ ಐಎನ್ ಎಂದು ಭಾರತಕ್ಕೆ ಬದಲಿಸಿ. 'ಐಎನ್' ಮಾತ್ರ ಇಲ್ಲಿ ದೊಡ್ಡಕ್ಷರ. ಆದರೂ ಬರದಿದ್ದರೆ ರೌಟರನ್ನೇ 1, 6, 11ರಲ್ಲಿ ಒಂದಕ್ಕೆ ತನ್ನಿ. ಸಪ್ತಾಪುರದಂಥ ಕಡೆ ಈ ಮೂರೇ ಒಂದರ ಮೇಲೊಂದು ಬೀಳದ ಚಾನಲ್‌ಗಳು.

ಹತ್ತಿ ಹತ್ತಿ ಬಿಡುತ್ತಿದ್ದರೆ ಕರೆಂಟು ಉಳಿಸುವ ಪವರ್ ಸೇವ್ ಬಂದ್ ಮಾಡಿ ನೋಡಿ. /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಕಾನ್ಫ್.ಡಿ ಫೋಲ್ಡರಿನಲ್ಲಿ (ನೆಟ್‌ವರ್ಕ್‌ಮ್ಯಾನೇಜರ್‌ನ ಎನ್, ಎಂ ದೊಡ್ಡಕ್ಷರ) ಒಂದು .ಕಾನ್ಫ್ ಫೈಲ್ ಮಾಡಿ, ಮೊದಲ ಸಾಲು [ಕನೆಕ್ಷನ್], ಎರಡನೆಯದು ವೈಫೈ.ಪವರ್‌ಸೇವ್=2. ಇಲ್ಲಿ 2 ಅಂದರೆ ಬಂದ್, 3 ಅಂದರೆ ಚಾಲೂ.

ಡಾಂಗಲ್ ಕೊಳ್ಳುವುದಾದರೆ

ಪೆಟ್ಟಿಗೆಯ ಮೇಲಿನ ವೇಗ ನೋಡಿ ಕೊಳ್ಳಬೇಡಿ, ಚಿಪ್ಪು ಕೇಳಿ. ಒಂದೇ ಹೆಸರಿನಲ್ಲಿ ಚಿಪ್ಪು ಬದಲಾಗುವುದಕ್ಕೆ ಟಿಪಿ-ಲಿಂಕ್ ಕಂಪನಿಯ ಟಿಎಲ್-ಡಬ್ಲ್ಯುಎನ್722ಎನ್ ಡಾಂಗಲ್ ಒಳ್ಳೆಯ ಉದಾಹರಣೆ: ಮೊದಲ ಆವೃತ್ತಿಯಲ್ಲಿ ಅಥೆರಾಸ್ ಎಆರ್9271, ಎರಡನೆಯದರಿಂದ ರಿಯಲ್‌ಟೆಕ್ ಆರ್‌ಟಿಎಲ್8188ಇಯುಎಸ್. ಎಆರ್9271ಕ್ಕೆ ಫರ್ಮ್‌ವೇರಿನ ಮೂಲ ಕೋಡೂ ತೆರೆದಿದೆ, ಡೆಬಿಯನ್‌ನ ಮೇನ್ ವಿಭಾಗದಲ್ಲೇ ಸಿಗುತ್ತದೆ. 2.4, 5 ಗಿಗಾಹರ್ಟ್ಸ್ ಎರಡೂ ಬ್ಯಾಂಡಿನ ಆರ್‌ಟಿಎಲ್8821ಸಿಯು ಚಿಪ್ಪಿನ ಡಾಂಗಲ್‌ಗೆ 6.2 ಅಥವಾ ಅದಕ್ಕಿಂತ ಹೊಸ ಕರ್ನಲ್ ಇದ್ದರೆ ಡ್ರೈವರ್ ಒಳಗೇ ಇದೆ. ಡೆಬಿಯನ್ 12ರ ಕರ್ನಲ್ 6.1, ಒಂದು ಹೆಜ್ಜೆ ಹಿಂದೆ. ಡೆಬಿಯನ್ 13ರದು 6.12. ಕರ್ನಲ್ ಹೊಸದು ಮಾಡಿದರೆ ಮುಗಿಯುವಲ್ಲಿ, ಯಾರೋ ಬರೆದಿಟ್ಟ ಹೊರಗಿನ ಡ್ರೈವರ್ ಕಟ್ಟಲು ಹೋಗಬೇಡಿ. ಚುಚ್ಚಿದಾಗ ಡಾಂಗಲ್ ಬದಲು ಒಂದು ಸಿಡಿ ಡ್ರೈವ್ ಕಂಡರೆ, ನಂಬರು 0ಬಿಡಿಎ:1ಎ2ಬಿ ಎಂದಿದ್ದರೆ, ಅದು ವಿಂಡೋಸ್ ಡ್ರೈವರಿನ ಸಿಡಿಯಂತೆ ತೋರಿಸಿಕೊಳ್ಳುತ್ತಿದೆ. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ, ಡಾಂಗಲ್ ತೆಗೆದು ಮತ್ತೆ ಚುಚ್ಚಿ.

ಲಿನಕ್ಸ್ ಬಿಟ್ಟು ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎಂಬ ಬೇರೆ ಆಪರೇಟಿಂಗ್ ಸಿಸ್ಟಂಗಳೂ ಇವೆ. ಫ್ರೀಬಿಎಸ್‌ಡಿ ನಡೆಸುವವರಿಗೆ ಕಾರ್ಡು ಗುರುತಿಸಲು ಪಿಸಿಐಕಾನ್ಫ್ -ಎಲ್‌ವಿ, ಡ್ರೈವರ್ ಹಿಡಿದಿದೆಯೇ ನೋಡಲು ಸಿಸ್‌ಸಿಟಿಎಲ್ ನೆಟ್.ಡಬ್ಲ್ಯುಲ್ಯಾನ್.ಡಿವೈಸಸ್. ಓಪನ್‌ಬಿಎಸ್‌ಡಿಯಲ್ಲಿ ಎಫ್‌ಡಬ್ಲ್ಯು_ಅಪ್‌ಡೇಟ್ ಎಂಬ ಒಂದೇ ಕಮಾಂಡು ಬೇಕಾದ ಫರ್ಮ್‌ವೇರನ್ನು ತಾನೇ ತರುತ್ತದೆ. ಎರಡಕ್ಕೂ ಇಂಟೆಲ್ ಕಾರ್ಡು ಇರುವ ಲ್ಯಾಪ್‌ಟಾಪನ್ನೇ ಆರಿಸಿ. ಈ ಬ್ರಾಡ್‌ಕಾಮ್ ಹಿಡಿದುಕೊಂಡು ಅಲ್ಲಿಗೆ ಹೋಗಬೇಡಿ.

ಬ್ರಾಡ್‌ಕಾಮ್ ಇರುವವರಿಗೆ ಇನ್ನೊಂದು ಮಾತು. ಕರ್ನಲ್ ಹೊಸದಾದಾಗಲೆಲ್ಲ ಡಿಕೆಎಂಎಸ್ ಡ್ರೈವರನ್ನು ಮತ್ತೆ ಕಟ್ಟುತ್ತದೆ. ಅಪ್‌ಗ್ರೇಡ್ ಮುಗಿದ ಮೇಲೆ, ರಿಸ್ಟಾರ್ಟ್ ಮಾಡುವ ಮುಂಚೆ, ಸುಡೊ ಡಿಕೆಎಂಎಸ್ ಸ್ಟೇಟಸ್ ಎಂದು ಹೊಡೆದು ಹೊಸ ಕರ್ನಲ್‌ನ ಮುಂದೆ 'ಇನ್‌ಸ್ಟಾಲ್ಡ್' ಇದೆಯೇ ನೋಡಿ. ಇಲ್ಲದಿದ್ದರೆ ಎದ್ದು ಬರುವಾಗ ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಳೆಯ ಕರ್ನಲ್ ಆರಿಸಿಕೊಳ್ಳಿ, ವೈಫೈ ಇರುತ್ತದೆ. ಅಕ್ಕನ ಮಗನಿಗೆ ಇದನ್ನು ಹೇಳಿ ಮುಗಿಸುವಾಗ ಒಂದು ಗಂಟೆಯಾಗಿತ್ತು. "ಬರಕೊಂಡೇನಿ ಮಾಮಾ, ಮಲಕೋರಿ ಇನ್ನ" ಅಂದ.